ಪಾದೆಯ ಮೇಲಿನ ಹೆಸರು

ಕಲ್ಲಿನ ಚಕ್ಕೆ ಅಂಗೈಯಷ್ಟು ಅಗಲ, ಹೋಳಿಗೆಯಷ್ಟು ದಪ್ಪ ಇತ್ತು. ಹೊರಬದಿಗೆ ಮಸಿ ಹಿಡಿದಿತ್ತು. ಒಳಬದಿ ಉಪ್ಪಿನ ಹರಳಿನ ಹಾಗೆ ಬೆಳ್ಳಗಿತ್ತು.

ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ಕೆದಂಬಾಡಿಯ ನಮ್ಮ ಕಡೆ ಕುಚ್ಚಲಕ್ಕಿಗೆ ಭತ್ತವನ್ನು ಮನೆಯಲ್ಲೇ ಬೇಯಿಸುತ್ತಿದ್ದೆವು. ಕೊಯ್ಲು ಮುಗಿದ ಮೇಲೆ ಅಂಗಳದಾಚೆ ಕಲ್ಲು ಹೂಡಿ ದೊಡ್ಡ ಹಂಡೆ ಇಡುತ್ತಿದ್ದರು. ಬೆಂದ ಭತ್ತದ ವಾಸನೆ ತಲೆಗೂದಲಿಗೂ ಹತ್ತುತ್ತಿತ್ತು.

ಬಾವಿಯ ಹತ್ತಿರ ಬಟ್ಟೆ ಒಗೆಯುವಲ್ಲಿ ಒಂದು ಪಾದೆ, ಅಂದರೆ ದೊಡ್ಡ ಬಂಡೆ, ಇತ್ತು. ಬಿಸಿಲಿಗೂ ಮಳೆಗೂ ಅದರ ಮೈ ಪದರ ಪದರವಾಗಿ ಏಳುತ್ತಿತ್ತು. ನಾನೂ ತಂಗಿಯೂ ಚಕ್ಕೆ ಕಿತ್ತು ಅಡುಗೆಯಾಟಕ್ಕೆ ತಟ್ಟೆ ಮಾಡುತ್ತಿದ್ದೆವು. ಒಂದನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ ಅವಳು ಮೊಳೆಯಿಂದ ಪಾದೆಯ ಮೇಲೆ ತನ್ನ ಹೆಸರು ಗೀರಿದಳು. ಆ ಮಳೆಗಾಲ ಜ್ವರದಲ್ಲಿ ತೀರಿಕೊಂಡಳು. ಅವಳದ್ದೊಂದು ಫೋಟೋವೂ ಇರಲಿಲ್ಲ. ಓದು ಬಾರದ ಅಮ್ಮ ದಿನಾ ಒಗೆದು ಮುಗಿದ ಮೇಲೆ ಆ ಗೀರುಗಳ ಮೇಲೆ ಬೆರಳಾಡಿಸಿ ಎದ್ದು ಬರುತ್ತಿದ್ದರು.

ಆ ಸಲ ಭತ್ತ ಬೇಯಿಸುವ ದಿನ ಗಾಳಿ ಜೋರಿತ್ತು. ಒಲೆಯನ್ನು ಪಾದೆಯ ಮರೆಗೆ ಹೂಡುವ ಎಂದವಳು ನಾನೇ. ಹೆಸರು ಅದೇ ಬದಿಯಲ್ಲಿತ್ತು. ಕಲ್ಲಿಗೆ ಬೆಂಕಿ ಏನಾದರೂ ಮಾಡೀತೆಂದು ಯೋಚಿಸಲಿಲ್ಲ.

ಎರಡನೇ ಹಂಡೆ ಕುದಿಯುವಾಗ ಪಾದೆ ಟಪ್ಪೆಂದಿತು. ಕೆಲಸಕ್ಕೆ ಬಂದಿದ್ದ ಕುಸುಮಕ್ಕ, "ಪಾದೆಗೂ ಸೆಕೆ ಆಯ್ತು ಮಾರಾಯ್ತಿ, ಅಂಗಿ ಬಿಚ್ಚುದು ನೋಡು" ಎಂದು ನಕ್ಕರು. ಮತ್ತೆ ಟಪ್ಪೆಂದಿತು. ಚಕ್ಕೆಗಳು ಕೆಂಡಕ್ಕೆ ಬಿದ್ದು ಚೂರಾದವು. ಕೋಲಿನಿಂದ ಎಳೆದುಕೊಂಡ ದೊಡ್ಡದರಲ್ಲಿ ಒಂದು ಗೀರು ಮಾತ್ರ ಉಳಿದಿತ್ತು. ಯಾವ ಅಕ್ಷರದ್ದೆಂದು ತಿಳಿಯಲಿಲ್ಲ.

ಅಮ್ಮ ಬಂದು ನೋಡಿದರು. ಬೈಯಲಿಲ್ಲ. ಭತ್ತ ಬಾಯಿ ಬಿಟ್ಟಿತಾ ಎಂದು ಕುಸುಮಕ್ಕನನ್ನು ಕೇಳಿದರು. ನನಗೆ ಅಳು ಬರಲಿಲ್ಲ. ಒಲೆಗೆ ತೆಂಗಿನ ಒಣ ಮಡಲು ದೂಡುತ್ತಲೇ ಇದ್ದೆ. ಸಂಜೆ ಗಂಜಿ ಬಡಿಸುವಾಗ ಅಮ್ಮ ಹೇಳಿದರು: "ನಿಂಗೆ ಬರೀಲಿಕ್ಕೆ ಬರ್ತದಲ್ಲ. ಅವಳು ಬರೆದ ಹಾಗೇ ಒಮ್ಮೆ ಬರೆದು ಕೊಡು."

ಅವಳು ಬರೆದದ್ದು ತಪ್ಪು. ಮನೆಮಾತು ತುಳು, ನಮ್ಮ ಬಾಯಲ್ಲಿ ಶಾಲೆಯೂ ಸಾಲೆಯೇ. ಸುಶೀಲ ಎಂಬುದನ್ನು ಅವಳು ಸುಸೀಲ ಎಂದು ಗೀರಿದ್ದಳು. ಅಮ್ಮನಿಗೆ ಇದು ಗೊತ್ತಿರಲಿಲ್ಲ. ನಾನು ಆಗ ಐದನೇ ಕ್ಲಾಸು. ಶ, ಸ ತಪ್ಪಿದರೆ ಬೆರಳ ಗಂಟಿಗೆ ಪೆಟ್ಟು ಬೀಳುತ್ತಿತ್ತು.

ಈಗ ಮನೆಗೆ ಮಿಲ್ಲಿನ ಅಕ್ಕಿ ಬರುತ್ತದೆ. ಪಾದೆ ಇನ್ನಷ್ಟು ಪದರ ಬಿಟ್ಟಿದೆ. ಅದರಲ್ಲಿ ಯಾರ ಅಕ್ಷರವೂ ಇಲ್ಲ. ತಂಗಿಯ ಬರಹ ಹೇಗಿತ್ತೆಂದು ನೆನಪಿಸಿಕೊಳ್ಳಲು ಹೊರಟರೆ ನನ್ನದೇ ಬರಹ ಕಣ್ಣಿಗೆ ಬರುತ್ತದೆ.

ಭತ್ತ ಬೇಯಿಸಿದ ಮರುದಿನ ಬೆಳಿಗ್ಗೆ ಪಾದೆ ತಣ್ಣಗಾಗಿತ್ತು. ಕುಕ್ಕರಗಾಲಲ್ಲಿ ಕುಳಿತು ಮೊಳೆಯಿಂದ ಅದರ ಮೇಲೆ ಬರೆದೆ. ಶಕಾರವನ್ನೇ ಬರೆದೆ. ಅಮ್ಮನ ಬೆರಳು ಎರಡನೇ ಅಕ್ಷರದಲ್ಲಿ ನಿಂತಿತು.

"ಇದು ಅವಳದ್ದಲ್ಲ" ಎಂದರು.

ಇದೇ ಸರಿ ಎಂದು ಹೇಳಿ, ಚೀಲ ಎತ್ತಿಕೊಂಡು ಶಾಲೆಗೆ ಹೋದೆ.