ಅಚ್ಚಿಗೆ ಒಗ್ಗದ ಜೋಡಿದೋಣಿ

ಇದನ್ನು ಬರೆಯಬೇಕೆಂದು ಕೂತು, ಕನ್ನಡಕ ಸಿಗಲಿಲ್ಲವೆಂದು ಎದ್ದು ಹೋದ ದಿನಗಳೇ ಹೆಚ್ಚು. ಕನ್ನಡಕ ಮೂಗಿನ ಮೇಲೇ ಇರುತ್ತಿತ್ತು. ಮೊನ್ನೆ ಪಕ್ಕದ ಮನೆಯವರು ಬಾಗಿಲಿಗೆ ವಾರ್ನಿಷ್ ಹೊಡೆಸಿದರು. ಆ ವಾಸನೆ ಕಿಟಕಿಯಿಂದ ಒಳಗೆ ಬಂದು ಎದುರಿಗೇ ಕೂತುಬಿಟ್ಟಿತು. ಇನ್ನು ಯಾವ ನೆಪವೂ ಉಳಿಯಲಿಲ್ಲ.

ಎಪ್ಪತ್ತರ ದಶಕದಲ್ಲಿ ರಾಜಾಜಿನಗರದ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ನಾವು ಐದು ಜನ ಮಲ್ಲತ್ತಹಳ್ಳಿ ಕೆರೆಯಲ್ಲಿ ಕ್ಯಾಟಮರಾನ್ ಪಂದ್ಯ ಆಡುತ್ತಿದ್ದೆವು ಎಂದರೆ ನೀವು ನಗುತ್ತೀರಿ. ನಗಿ. ಸಮುದ್ರ ಇನ್ನೂರು ಮೈಲಿ ಆಚೆಗಿತ್ತು, ನಮ್ಮಲ್ಲಿ ಮೂವರಿಗೆ ಈಜೇ ಬರುತ್ತಿರಲಿಲ್ಲ. ಫುಟ್‌ಪಾತಿನಲ್ಲಿ ಕೊಂಡ ವಿದೇಶಿ ಪತ್ರಿಕೆಯ ಚಿತ್ರ ನೋಡಿ, ಎರಡು ಸಪೂರ ಪ್ಲೈವುಡ್ ದೋಣಿಗಳನ್ನು ಅಕ್ಕಪಕ್ಕ ಇಟ್ಟು, ನಡುವೆ ಅಡ್ಡಪಟ್ಟಿ ಬಿಗಿದು, ಮೇಲೆಲ್ಲ ವಾರ್ನಿಷ್ ಬಳಿದು, ಬಿದಿರಿಗೆ ಹಾಯಿ ಕಟ್ಟಿದ್ದೆವು.

ದುಂಡಗೆ ಬರೆಯುವ ಎಸ್ಸೆಸ್ಸೆಲ್ಸಿ ಪಾಸಾದವನು ನಾನೊಬ್ಬನೇ ಆದ್ದರಿಂದ ಕಾರ್ಯದರ್ಶಿ ನಾನೇ. ಐದು ದೋಣಿಗಳ ಸಂಘಕ್ಕೆ ಒಂದು ನಡಾವಳಿ ಪುಸ್ತಕ, ಒಂದು ರಬ್ಬರ್ ಸ್ಟಾಂಪು! ನಿಯಮವನ್ನೂ ನಾನೇ ಬರೆದೆ: ಉದ್ದ ಹದಿನಾಲ್ಕು ಅಡಿ, ಅಗಲ ಏಳು, ಹಾಯಿ ನೂರು ಚದರಡಿ ಮೀರಬಾರದು. ಆ ಮಿತಿಯೊಳಗೆ ಯಾರು ಹೇಗೆ ಬೇಕಾದರೂ ಕಟ್ಟಿಕೊಳ್ಳಲಿ. ಇದಕ್ಕೆ ಫಾರ್ಮುಲಾ ಎನ್ನುತ್ತಾರೆಂದು ಪತ್ರಿಕೆಯಲ್ಲಿತ್ತು. ಆ ಪದ ಹೇಳುವಾಗೆಲ್ಲ ನನ್ನ ಎದೆ ಒಂದಂಗುಲ ಉಬ್ಬುತ್ತಿತ್ತು. ಎಲ್ಲಿಯವರೆಗೆ? ಗೆಲ್ಲುವವನು ನಾನಾಗಿರುವವರೆಗೆ.

ನಮ್ಮಲ್ಲೊಬ್ಬ ಫೌಂಡ್ರಿಯಲ್ಲಿ ಎರಕಕ್ಕೆ ಮರದ ಅಚ್ಚು ಕೆತ್ತುವವನು. ಒಂದು ದಿನ ಬಾಪೂಜಿ ನಗರದ ತನ್ನ ಮನೆಗೆ ಕರೆದ. ತಾರಸಿಯ ಮೇಲೆ, ಅವನ ತಾಯಿ ಒಣಹಾಕಿದ ಸೀರೆಗಳ ನಡುವೆ, ಅರ್ಧ ಕಟ್ಟಿದ ಹೊಸ ದೋಣಿ. ಒಂದೇ ಕೈಯಲ್ಲಿ ಎತ್ತಿ ತೋರಿಸಿದ. ನನ್ನದನ್ನು ಎತ್ತಲು ನಾಲ್ಕು ಜನ ಬೇಕಿತ್ತು.

"ಗುರು, ತೂಕದ ಬಗ್ಗೆ ರೂಲ್ಸಲ್ಲಿ ಏನೂ ಇಲ್ಲ ಅಲ್ವಾ? ಸರಿಯಾಗಿ ನೋಡ್ಕೊಂಡು ಹೇಳು. ಆಮೇಲೆ ತಕರಾರು ಬೇಡ."

"ಬರೆದೋನೇ ನಾನು ಕಣೋ. ಧೈರ್ಯವಾಗಿ ಕಟ್ಟು" ಎಂದೆ. ಅವನ ತಾಯಿ ಕೊಟ್ಟ ಎರಡನೇ ಲೋಟ ಕಾಫಿಯನ್ನೂ ಕುಡಿದು ಬಂದೆ.

ಎಂಟು ತಿಂಗಳ ಭಾನುವಾರಗಳನ್ನೆಲ್ಲ ಅದಕ್ಕೇ ಸುರಿದ. ನೀರಿಗಿಳಿಸಿದ ದಿನ ಅವನು ಆಚೆ ದಡ ಮುಟ್ಟಿ, ಹೊಂಗೆ ಮರದ ಕೆಳಗೆ ಕೂತು, ಬೇಯಿಸಿದ ಕಡಲೆಕಾಯಿ ಬಿಡಿಸುತ್ತಿದ್ದಾಗ ನಾನಿನ್ನೂ ನಡುಕೆರೆಯಲ್ಲಿದ್ದೆ.

"ಬನ್ನಿ ಕಾರ್ಯದರ್ಶಿಗಳೇ, ಕಡ್ಲೆಕಾಯಿ ಆರ್ಹೋಗ್ತಿದೆ!" ಎಂದು ಕೂಗಿದ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಮುಂದಿನ ಭಾನುವಾರದೊಳಗೆ ನನಗೆ ಸಮಾನತೆಯ ಜ್ಞಾನೋದಯವಾಯಿತು. ಅದೇ ಪತ್ರಿಕೆಯ ಇನ್ನೊಂದು ಪುಟದಲ್ಲಿ ಒನ್ ಡಿಸೈನ್ ಎಂಬ ಪದ್ಧತಿಯಿತ್ತು: ಎಲ್ಲರ ದೋಣಿಯೂ ಒಂದೇ ಅಚ್ಚಿನದು, ಆಗ ತಿಳಿಯುವುದು ಓಡಿಸುವವನ ಕೈಚಳಕ ಮಾತ್ರ. ಎಷ್ಟು ನ್ಯಾಯವಾದ ಮಾತು! ಹಿಂದಿನ ವರ್ಷ ಓದಿದಾಗ ಆ ಪುಟವನ್ನು ಮಗುಚಿ ಹಾಕಿದ್ದೆ. ಸರಿ, ಅಚ್ಚು ಯಾರ ದೋಣಿಯದು? ಕಾರ್ಯದರ್ಶಿಯದೇ. ಉಳಿದ ಮೂವರೂ ಹೇಗೂ ನನ್ನದನ್ನೇ ನೋಡಿ ಹೆಚ್ಚುಕಡಿಮೆ ಹಾಗೇ ಕಟ್ಟಿದ್ದರು. ಸಭೆಯಲ್ಲಿ ಮತಕ್ಕೆ ಹಾಕಿದಾಗ ಅವರ ಕೈ ಸಲೀಸಾಗಿ ಮೇಲೆ ಹೋಯಿತು. ನನ್ನದು ಎಲ್ಲಕ್ಕಿಂತ ಮೊದಲು.

"ಆರು ದಿನ ಅಚ್ಚು ಕೆತ್ತೀನಿ. ಏಳನೇ ದಿನಾನಾದ್ರೂ ನನ್ನಿಷ್ಟದ್ದು ಮಾಡೋಣ ಅಂತ ಇಲ್ಲಿಗೆ ಬಂದೆ" ಎಂದ ಅವನು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಕೇಳ್ಕೊಂಡೇ ಅಲ್ವೇನೋ ಕಟ್ಟಿದ್ದು?"

ನಾನು ನಡಾವಳಿ ಪುಸ್ತಕದ ಪುಟ ತಿರುವಿದೆ. ಒಂದೊಂದೇ ಪುಟ, ನಿಧಾನವಾಗಿ, ಹುಡುಕುವವನ ಹಾಗೆ.

"ಹಾಗೇನೂ ದಾಖಲಾಗಿಲ್ಲವಲ್ಲ" ಎಂದೆ. ಸ್ಟಾಂಪು ಒತ್ತಿದೆ.

ಕಾಫಿಯೂ ದಾಖಲಾಗಿರಲಿಲ್ಲ.

ಅವನು ಜಗಳವಾಡಲಿಲ್ಲ. ಅಡ್ಡಪಟ್ಟಿ ಬಿಚ್ಚಿ, ಮೇಲಿನ ಹಲಗೆ ಕಿತ್ತು, ಎರಡೂ ದೋಣಿಗಳನ್ನು ಕೆರೆಯಂಚಿನ ರೈತರೊಬ್ಬರ ದನಗಳ ಕೊಟ್ಟಿಗೆಗೆ ಕೊಟ್ಟು ಹೋದ. ಪಶ್ಚಿಮ ಬೆಂಗಳೂರಿನ ಅತಿ ವೇಗದ ದೋಣಿಯಲ್ಲಿ ಹಸುಗಳು ಕಲಗಚ್ಚು ಕುಡಿದವು. ನಮ್ಮ ಮೊದಲ ಸಮಾನ ಪಂದ್ಯವೂ ನಡೆಯಿತು. ಅಳತೆ ತಿದ್ದಿ ಒಂದೇ ಅಚ್ಚಿಗೆ ತಂದ ನಾಲ್ಕು ದೋಣಿ, ಒಂದೇ ಗಾಳಿ. ನಾನು ನಾಲ್ಕನೆಯವನಾಗಿ ಬಂದೆ. ದೋಣಿ ಭಾರವಾಯಿತು ಎನ್ನುವ ಹಾಗೂ ಇರಲಿಲ್ಲ. ದಡದಲ್ಲೊಂದು ಹಸು ದೋಣಿಯಿಂದ ಮೂತಿ ಎತ್ತಿ ನನ್ನನ್ನು ನೋಡಿತು. ಸಂಘ ಆ ಬೇಸಿಗೆ ದಾಟಲಿಲ್ಲ.

ಕೆಲವು ವರ್ಷಗಳ ನಂತರ ವಿಜಯನಗರದ ಬಸ್ ಸ್ಟಾಪಿನಲ್ಲಿ ಅವನನ್ನು ಕಂಡೆ. ಶೂ ಲೇಸು ಕಟ್ಟುವವನಂತೆ ಬಗ್ಗಿದೆ. ಕಾಲಲ್ಲಿದ್ದದ್ದು ಹವಾಯಿ ಚಪ್ಪಲಿ. ಅದನ್ನು ಅವನು ನೋಡಿದ. ಬಸ್ ಹತ್ತಿದ. ಅವನು ತೀರಿಕೊಂಡ ಸುದ್ದಿ ನನಗೆ ತಲುಪುವಾಗ ತಿಥಿಯೂ ಮುಗಿದಿತ್ತು.

ಇವತ್ತು ಪಕ್ಕದ ಮನೆಯ ಬಾಗಿಲು ಮುಟ್ಟಿ ನೋಡಿದೆ. ಇನ್ನೂ ಒಣಗಿರಲಿಲ್ಲ, ಬೆರಳಿಗೆ ಅಂಟಿತು. ಒರೆಸಿಕೊಳ್ಳದೆ ಬಂದು, ಅಟ್ಟದಿಂದ ನಡಾವಳಿ ಪುಸ್ತಕ ಇಳಿಸಿದೆ. ಆ ದಿನದ ಪುಟದಲ್ಲಿ ಕೈ ಎತ್ತಿದ ನಾಲ್ವರ ಹೆಸರನ್ನೂ ದುಂಡಗೆ ಬರೆದಿದ್ದೇನೆ. ಅದರ ಕೆಳಗೆ, 'ಒಬ್ಬ ಸದಸ್ಯರ ವಿರೋಧ' ಎಂದಷ್ಟೇ ಇದೆ, ಅವನ ಹೆಸರಿಲ್ಲ. ಅದನ್ನು ಹೊಡೆದುಹಾಕಿ, ಈಗ ಬರೆದೆ: ನನ್ನನ್ನು ಕೇಳಿಯೇ ಕಟ್ಟಿದವನು, ನಂಜುಂಡಾಚಾರಿ.