ಮೂರು ಸಲ ಕೂಗಿದ ಹೆಸರು

ಇವತ್ತು ಬೈಲಹೊಂಗಲದ ಶಾಲೆಯೊಂದರ ಮುಂದೆ ಹಾದು ಬರುವಾಗ ಒಳಗೆ ಹಾಜರಿ ಕೂಗುತ್ತಿದ್ದರು. "ಶಾಂತಾ" ಎಂದದ್ದು ಕೇಳಿ, ಐವತ್ತು ವರ್ಷ ದಾಟಿದ್ದನ್ನೂ ಮರೆತು "ಹಾಜರ್ರೀ" ಎಂದುಬಿಟ್ಟೆ.

ನೇಸರಗಿಯಲ್ಲಿ ಅಪ್ಪ ಅವ್ವ ತೀರಿಕೊಂಡಾಗ ನನ್ನ ಕೂದಲು ಇನ್ನೂ ಜಡೆಗೆ ಸಿಗುತ್ತಿರಲಿಲ್ಲ. ನಂಟೇ ಇಲ್ಲದ ಓಣಿಯ ಮೂರು ಮನೆಗಳು ನನ್ನನ್ನು ಸಾಕಿದವು. ಬಸವ್ವ ದೊಡ್ಡವ್ವನ ಮನೆಯಲ್ಲಿ ಬಿಸಿ ರೊಟ್ಟಿ, ಗುರೆಳ್ಳು ಚಟ್ನಿ. ಗೌರಕ್ಕನ ಮನೆಯಲ್ಲಿ ಕಣ್ಣುರಿಯುವಂತೆ ಸೀಗೆಕಾಯಿ ಹಚ್ಚಿ ತಲೆಸ್ನಾನ. ನಿದ್ದೆ ಮಾತ್ರ ಮಲ್ಲವ್ವ ಆಯಿಯ ಕೌದಿಯೊಳಗೇ.

ಶಾಲೆ ಶುರುವಾಗುವಾಗ ಮೂವರೂ, ಒಬ್ಬರಿಗೊಬ್ಬರು ಹೇಳದೆ, ನನ್ನ ಹೆಸರು ಬರೆಸಿ ಬಂದಿದ್ದರು. ಪಾಲಕರೆಂದು ಪ್ರತಿಯೊಬ್ಬರೂ ತಮ್ಮದೇ ಹೆಸರು ಕೊಟ್ಟಿದ್ದರು. ಮೊದಲ ದಿನ ಮಾಸ್ತರು ಮೂರು ಸಲ "ಶಾಂತಾ" ಎಂದು ಕೂಗಿದರು. ನಾನು ಮೂರು ಸಲವೂ ಎದ್ದು ನಿಂತೆ.

ಮಾಸ್ತರು ಮೂವರನ್ನೂ ಕರೆಸಿದರು. "ಒಂದ ಮನಿ ಹೇಳ್ರಿ. ಇಲ್ಲಂದ್ರ ಯಾರೂ ಇಲ್ಲದ ಹುಡುಗಿ ಅಂತ ಬರದು ಅನಾಥಾಶ್ರಮಕ್ಕ ಕಳಸಬೇಕಾಗ್ತೈತಿ."

ದೊಡ್ಡವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಮೂರು ಮಂದಿ ನಿಮ್ಮ ಮುಂದ ನಿಂತೇವಿ, ಯಾರೂ ಇಲ್ಲ ಅಂತೀರೇನ್ರಿ? ಜಾಗಾ ಸಾಲಲಿಲ್ಲಂದ್ರ ಇನ್ನೊಂದು ಹಾಳಿ ಹಚ್ಚಿ ಬರೀರಿ!"

ಮಾಸ್ತರು ಎರಡು "ಶಾಂತಾ"ಗಳನ್ನು ಹೊಡೆದುಹಾಕಿದರು. ಉಳಿದವಳ ಮುಂದೆ ಮೂವರು ಪಾಲಕರ ಹೆಸರನ್ನೂ ಬರೆದರು.

ನನ್ನ ದನಿ ಕೇಳಿ ಇವತ್ತಿನ ಟೀಚರಮ್ಮ ಕಿಟಕಿಯಿಂದ ಇಣುಕಿದಳು. "ಯಾರ ಮನಿಯವರ್ರೀ ಅಮ್ಮಾ ನೀವು?"

"ಒಂದ ಮನಿ ಹೆಸರು ಹೇಳಿದ್ನಂದ್ರ," ಎಂದೆ, "ಉಳದ ಇಬ್ರೂ ಮ್ಯಾಲಿಂದ ಬೈತಾರವಾ."