ಊದುಬತ್ತಿ ಹಚ್ಚುವಷ್ಟರಲ್ಲಿ ಹಳೇ ಕಂಪ್ಯೂಟರ್ ಮಾಯ

ಕಳೆದ ಸೋಮವಾರ ಬೆಳಿಗ್ಗೆ ನನ್ನ ಅಂಗಡಿಯಲ್ಲಿ ನಲವತ್ತೆರಡು ಜನ ಒಟ್ಟಿಗೆ ಕಾಣೆಯಾದರು.

ಗಾಬರಿಯಾಗಬೇಡಿ, ಪೊಲೀಸ್ ಕೇಸಲ್ಲ. ನನ್ನ ಅಕ್ಕನ ಮಗಳು ಸವಿತಾಳ ಮದುವೆ ಕಾರ್ಡಿನಲ್ಲಿ ‘ಸುಖಾಗಮನ ಬಯಸುವವರು’ ಎಂಬ ಸಾಲಿನ ಕೆಳಗೆ ಸಾಲಾಗಿ ನಿಂತಿದ್ದ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವಂದಿರ ಹೆಸರುಗಳು ಅವು.

ಹುಣಸೂರಿನಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇರುವುದು ನಿಮಗೆ ಗೊತ್ತೇ ಇದೆ. (ಈ ಅಂಕಣ ಟೈಪಾಗುವುದೂ ಅಲ್ಲೇ, ಗಿರಾಕಿಗಳ ಬೈಗುಳದ ನಡುವೆ.) ಮದುವೆ ಕಾರ್ಡು ಮಾಡಿದವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಮುಹೂರ್ತ ಸಿಗುವುದು ಸುಲಭ, ಹೆಸರುಗಳನ್ನು ಜೋಡಿಸುವುದು ಕಷ್ಟ. ಯಾರ ಹೆಸರು ಮೇಲೆ, ಯಾರದು ಕೆಳಗೆ? ಕಂಪಲಾಪುರದಲ್ಲಿ ಸವಿತಾಳ ಅಪ್ಪ ನಿಂಗಪ್ಪ ಬಾವನ ಮನೆಯ ಜಗಲಿಯ ಮೇಲೆ ಇದಕ್ಕಾಗಿ ಮೂರು ಸಂಜೆ ಪಂಚಾಯ್ತಿ ನಡೆಯಿತು. ಒಬ್ಬ ಚಿಕ್ಕಪ್ಪ ಅರ್ಧ ಕಾಫಿ ಬಿಟ್ಟು ಎದ್ದು ಹೋದರು. ಅವರನ್ನು ಕರೆತರಲು ಹೋದ ಇನ್ನೊಬ್ಬರು ಅಲ್ಲೇ ಅವರ ಪಕ್ಷ ಸೇರಿಕೊಂಡರು!

ಕೊನೆಗೂ ರಾಜಿಯಾಯಿತು. ಶನಿವಾರ ಬಾವ ಅಂಗಡಿಗೆ ಬಂದು, ಪಕ್ಕದಲ್ಲೇ ಕೂತು, ಚೀಟಿ ನೋಡಿ ಒಂದೊಂದೇ ಹೆಸರು ಹೇಳಿ ಬರೆಸಿದರು. ಆಮೇಲೆ ಆ ಚೀಟಿಯನ್ನು ಚೂರು ಚೂರು ಮಾಡಿ ಬುಟ್ಟಿಗೆ ಹಾಕಿದರು.

‘ಯಾಕೆ ಬಾವ?’ ಅಂದೆ.

‘ಯಾರ ಹೆಸ್ರು ಗೀಚಿ ತೆಗ್ದು ಎಲ್ಲಿಗೆ ಹಾಕಿವ್ನಿ ಅಂತ ಇದ್ರಲ್ಲಿ ಕಾಣ್ತದೆ ಕಣೋ ಶಿವು. ಸಿಕ್ಕುದ್ರೆ ಇನ್ನೊಂದು ಪಂಚಾಯ್ತಿ. ಇನ್ಮೇಲೆ ನಿನ್ನ ಕಂಪ್ಯೂಟ್ರೇ ಸಾಕ್ಷಿ.’

ಇಂಥ ಜವಾಬ್ದಾರಿ ಹೊತ್ತ ಕಂಪ್ಯೂಟರನ್ನು ಬುದ್ಧಿ ಇರುವವನು ಮುಟ್ಟುತ್ತಾನೆಯೇ? ನಾನು ಭಾನುವಾರವೇ ಮುಟ್ಟಿದೆ.

ತಪ್ಪು ನನ್ನದಲ್ಲ, ಡಿವಿಡಿಯದು. ಮೈಸೂರಿನ ಗೆಳೆಯನೊಬ್ಬ ಹೊಸ ಆಪರೇಟಿಂಗ್ ಸಿಸ್ಟಮ್ಮನ್ನು ಅದಕ್ಕೆ ಕಾಪಿ ಮಾಡಿ ಕೊಟ್ಟಿದ್ದ. ಇನ್ನೂ ಮಾರುಕಟ್ಟೆಗೇ ಬಾರದ್ದು, ಜನ ಪರೀಕ್ಷಿಸಿ ನೋಡಲಿ ಎಂದು ಬಿಟ್ಟಿದ್ದು, ಅದೇ ಬೀಟಾ ಅಂತಾರಲ್ಲ, ಅದು. ಹಳೆಯದನ್ನು ಅಳಿಸಬೇಕಿಲ್ಲ. ಹಾರ್ಡ್ ಡಿಸ್ಕಿನಲ್ಲಿ ಇನ್ನೊಂದು ಕೋಣೆ ಮಾಡಿಕೊಟ್ಟರೆ ಹೊಸದು ಅಲ್ಲಿರುತ್ತದೆ. ಕಂಪ್ಯೂಟರ್ ಹಾಕಿದಾಗಲೆಲ್ಲ ‘ಯಾವುದು ಬೇಕು?’ ಎಂದು ಕೇಳುತ್ತದಂತೆ. ಇಡೀ ಹುಣಸೂರಿನಲ್ಲಿ ಮೊದಲು ಹಾಕಿದವನು ನಾನೇ ಆಗುವ ಅವಕಾಶ! ಬಿಡುವುದುಂಟೆ?

ಶನಿವಾರ ಬಾವನಿಗೂ ಇದನ್ನು ವಿವರಿಸಿದ್ದೆ. ಅವರು ಹೊಗೆಸೊಪ್ಪು ಬೆಳೆದು, ಬ್ಯಾರನ್ ಎಂಬ ಗೂಡಿನಂಥ ಮನೆಯಲ್ಲಿ ಬೆಂಕಿಯ ಕಾವಿಗೆ ಹದ ಮಾಡುವವರು. ಥಟ್ಟನೆ ಅರ್ಥವಾಯಿತು.

‘ಹೊಸ ಬ್ಯಾರನ್ ಕಟ್ದಂಗೆ ಅನ್ನು. ನಾನೂ ಹಳೇದ್ನ ಕೆಡವ್ಲಿಲ್ಲ, ಪಕ್ಕದಲ್ಲೇ ಇಟ್ಕಂಡಿದ್ದೆ. ಹೊಸದ್ರಲ್ಲಿ ಮೊದಲ್ನೇ ಸಲ ಬರೀ ರೇಟಿಲ್ಲದ ಅಡಿ ಎಲೆ ಹಾಕಿ ಬೇಯಿಸ್ದೆ. ಕೆಟ್ರೆ ಅದೇ ಕೆಡ್ಲಿ ಅಂತ.’

ಆ ಮಾತು ನನಗೆ ಪ್ರೋತ್ಸಾಹದಂತೆ ಕೇಳಿಸಿತು. (ಬೇಕಾದಂತೆ ಕೇಳಿಸಿಕೊಳ್ಳುವುದು ನನ್ನ ಹಳೇ ಚಾಳಿ.) ಭಾನುವಾರ ಮಧ್ಯಾಹ್ನ ಹಾಕಿದೆ. ಆಹಾ! ಗಾಜಿನಂತೆ ಹೊಳೆಯುವ ಪರದೆ, ಆಚೆಯದು ಈಚೆಗೆ ಕಾಣುವ ಪುಟ್ಟ ಪುಟ್ಟ ಚೌಕ. ಸಂಜೆಯವರೆಗೂ ಮೌಸ್ ಆಡಿಸುತ್ತಾ ಕೂತಿದ್ದೆ. ಅಷ್ಟು ಖುಷಿಯಾಗಿ ಎಷ್ಟು ದಿನವಾಗಿತ್ತೋ.

ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದೆ. ಕಂಪ್ಯೂಟರಿನ ಬಟನ್ ಒತ್ತಿದೆ. ಎಂದಿನಂತೆ ಊದುಬತ್ತಿ ಹಚ್ಚಿ ಮಾದಪ್ಪನ ಫೋಟೋಕ್ಕೆ ಬೆಳಗಿ, ಕಣ್ಣು ಮುಚ್ಚಿ ಕೈ ಮುಗಿದೆ. ಕಣ್ಣು ಬಿಟ್ಟರೆ ಎದುರಿಗೆ ಹೊಸದೇ ಕೂತಿದೆ. ಯಾವುದು ಬೇಕು ಅಂತ ಕೇಳಲೇ ಇಲ್ಲ! ಸಿ ಡ್ರೈವ್ ತೆರೆದೆ. ನನ್ನ ಫೋಲ್ಡರ್ ಇಲ್ಲ, ಕನ್ನಡ ಫಾಂಟ್ ಇಲ್ಲ, ಸವಿತಾಳ ಮದುವೆ ಇಲ್ಲ.

ಹಳೆಯದರ ಮೇಲೇ ಹೊಸದನ್ನು ಹಾಕಿಬಿಟ್ಟೆನೇ? (ಬ್ಯಾಕಪ್? ಊರಿಗೆಲ್ಲ ಬುದ್ಧಿ ಹೇಳುವವನು ನಾನು. ನನಗೆ ಹೇಳುವವರು ಯಾರು?) ರೀಸ್ಟಾರ್ಟ್ ಒತ್ತಿ, ಫೋಟೋದ ಕಡೆ ತಿರುಗಿ, ಈ ಸಲ ಇನ್ನೂ ಗಟ್ಟಿಯಾಗಿ ಕಣ್ಣು ಮುಚ್ಚಿದೆ. ‘ಮಾದಪ್ಪ, ಆ ನಲವತ್ತೆರಡು ಹೆಸರು ಒಂದು ಸಲ ತೋರಿಸಿಬಿಡು. ಬೆಟ್ಟಕ್ಕೆ ಬಂದು ಮುಡಿ ಕೊಡುತ್ತೇನೆ.’ (ಕೊಡಲು ತಲೆಯ ಮೇಲೆ ಹೆಚ್ಚೇನೂ ಉಳಿದಿಲ್ಲ ಎಂಬುದು ಬೇರೆ ಮಾತು.)

ಕಣ್ಣು ಬಿಟ್ಟೆ. ಮತ್ತೆ ಹೊಸದೇ!

ಅಷ್ಟರಲ್ಲಿ ಬಾವ ಬಂದರು. ಮಧ್ಯಾಹ್ನದೊಳಗೆ ಕಾರ್ಡು ಪ್ರೆಸ್ಸಿಗೆ ಹೋಗಬೇಕಿತ್ತು. ನಡೆದದ್ದನ್ನು ತೊದಲುತ್ತಾ ಹೇಳಿದೆ. ಬಾವ ಕುರ್ಚಿಯ ಮೇಲೆ ಧೊಪ್ಪನೆ ಕೂತರು.

‘ಅಯ್ಯೋ ಶಿವು, ನಮ್ಮ ಚಿಕ್ಕಪ್ಪುನ್ನ ಇನ್ನೊಂದ್ಸಲ ಕರ್ಕಂಬಂದು ಕೂರ್ಸಕ್ಕೆ ನನ್ ಕೈಲಿ ಆಗಾಕಿಲ್ಲ ಕಣೋ. ಮದ್ವೇನೇ ನಿಂತೋದ್ರೂ ಓಯ್ತದೆ.’

ನನಗೆ ಅಳುವೇ ಬಂತು. ಸವಿತಾ ನಾನು ಎತ್ತಿ ಆಡಿಸಿದ ಮಗು. ‘ಕೊನೆಯದಾಗಿ ಒಂದು ಸಲ ನೋಡೋಣ, ನೀವೂ ಕೈ ಮುಗೀರಿ ಬಾವ’ ಎಂದು ರೀಸ್ಟಾರ್ಟ್ ಒತ್ತಿ ಕಣ್ಣು ಮುಚ್ಚಿದೆ.

‘ಲೇ ಶಿವು, ಇದೇನ್ಲಾ ಎರಡು ಸಾಲು ಬಂತು? ಕೆಳಗೆ ಅಂಕಿ ಇಳೀತಾ ಅದೆ. ಇಪ್ಪತ್ತೆರಡು... ಇಪ್ಪತ್ತೊಂದು...’

ಕಣ್ಣು ಬಿಟ್ಟೆ. ಕಪ್ಪು ಪರದೆ. ಮೇಲೆ ಹೊಸದು, ಕೆಳಗೆ ಹಳೆಯದು. ಯಾವುದು ಬೇಕು? ಮೂವತ್ತು ಸೆಕೆಂಡು ಕಾದು, ಯಾರೂ ಉತ್ತರ ಕೊಡದಿದ್ದರೆ ತಾನೇ ಹೊಸದಕ್ಕೆ ಹೋಗುವ ಏರ್ಪಾಡು! ಬಾಣದ ಗುರುತಿನ ಕೀ ಒತ್ತಿ ಕೆಳಗಿಳಿದೆ, ಎಂಟರ್ ಕುಟ್ಟಿದೆ. ನನ್ನ ಮಾಸಲು ಹಳೇ ಪರದೆ ಬಂತು, ಅದರೊಳಗೆ ಸವಿತಾಳ ಫೋಲ್ಡರ್ ಬಂತು, ನಲವತ್ತೆರಡು ಜನವೂ ರಾಜಿಯಾದ ಕ್ರಮದಲ್ಲೇ ನಿಂತಿದ್ದರು. (ಹೊಸದು ತನ್ನ ಕೋಣೆಯನ್ನೇ ‘ಸಿ’ ಎಂದು ಕರೆದುಕೊಂಡಿತ್ತು, ಅಷ್ಟೇ. ಪಕ್ಕದ ಕೋಣೆಯಲ್ಲಿ ಇಣುಕಿ ನೋಡುವಷ್ಟೂ ಬುದ್ಧಿ ನನಗಿರಲಿಲ್ಲ.)

ಇಬ್ಬರೂ ತಬ್ಬಿಕೊಂಡೆವು. ಅಂಗಡಿಯೊಳಗೆ, ಹಗಲಲ್ಲಿ, ಇಬ್ಬರು ಮಧ್ಯವಯಸ್ಸಿನ ಗಂಡಸರು! ಎದುರಿನ ಟೈಲರ್ ಹೊಲಿಗೆ ನಿಲ್ಲಿಸಿ ನೋಡಿದ.

‘ನೀವು ಕಣ್ಣು ಮುಚ್ಚಲಿಲ್ವಾ ಬಾವ?’ ಎಂದು ಕೇಳಿದೆ.

‘ಬ್ಯಾರನ್‌ಗೆ ಬೆಂಕಿ ಹಾಕುದ್ ಮೇಲೆ ಥರ್ಮಾಮೀಟ್ರು ಬುಟ್ಟು ಕಣ್ಣು ಆಚೀಚೆ ಹೋಗಂಗಿಲ್ಲ ಕಣೋ. ಕೈ ಮುಗಿಯದೇನಿದ್ರೂ ಬೆಂಕಿ ಹಾಕಕ್ ಮುಂಚೆ. ಆಮ್ಯಾಕೆ ಕಣ್ಣು ಮುಚ್ಕಂಡು ನಿಂತ್ರೆ ಸೊಪ್ಪು ಕರ್ರಗಾಯ್ತದೆ.’

ಕಾರ್ಡು ಪ್ರೆಸ್ಸಿಗೆ ಹೋಯಿತು. ಬಾವ ಮಾತ್ರ ಹೋಗಲಿಲ್ಲ. ‘ಆ ಹೊಸದ್ನೂ ವಸಿ ತೋರ್ಸು’ ಎಂದು ಕೂತರು. ತೋರಿಸಿದೆ. ಗಾಜಿನ ಕಿಟಕಿಗಳನ್ನು ತಾವೇ ಎಳೆದಾಡಿ ಸಣ್ಣ ಮಕ್ಕಳಂತೆ ನಕ್ಕರು. ಎರಡು ಸಲ ಕಾಫಿ ತರಿಸಿದೆವು.

ಈಗ ಅಂಗಡಿಯಲ್ಲಿ ಮೊದಲು ಪೂಜೆ, ಆಮೇಲೆ ಬಟನ್. ಮುಡಿಯ ಹರಕೆ ಹಾಗೇ ಇದೆ, ಮದುವೆ ಮುಗಿಸಿಕೊಂಡು ಬೆಟ್ಟಕ್ಕೆ ಹೋಗಲೇಬೇಕು. ಪಾಪ, ಕೇಳಿದ್ದನ್ನು ಮಾದಪ್ಪ ಮೊದಲ ಸಲವೇ ಕೊಟ್ಟಿದ್ದ, ಜೊತೆಗೆ ಮೂವತ್ತು ಸೆಕೆಂಡ್ ಟೈಮನ್ನೂ ಕೊಟ್ಟಿದ್ದ. ಕಣ್ಣು ಬಿಡುವ ಕೆಲಸವನ್ನೂ ಅವನೇ ಮಾಡಬೇಕಿತ್ತೇ?